ಬರುವುದೆಷ್ಟು, ಹೋಗುವುದೆಷ್ಟು

ಜೂನ್ 9

ಅಮ್ಮಾ,

ಮೊದಲು ಆ ಕೆಂಪು ಪೆನ್ಸಿಲ್ ಕೆಳಗಿಡು. ತಪ್ಪು ತಿದ್ದುವ ಹಾಗಿಲ್ಲ. ನನ್ನನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದು ನೀನೇ. ಈಗ ನನ್ನ ಒತ್ತಕ್ಷರಗಳು ಕಾಲು ಮುರಿದುಕೊಂಡು ಬಿದ್ದಿದ್ದರೆ ಅದರ ಜವಾಬ್ದಾರಿಯೂ ನಿನ್ನದೇ.

ಅಮ್ಮಾ, ನಾನು ತುಂಬಾ ತುಂಬಾ ತುಂಬಾ ಖುಷಿಯಾಗಿದ್ದೇನೆ! ನಿನ್ನ ಅಳಿಯ ನೀರು ಕುಡಿಯುವ ಮುಂಚೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ಆಮೇಲೆ ಕುಡಿಯುತ್ತಾರೆ. ಹೆಂಡತಿ ಕೈಯಾರೆ ಕೊಟ್ಟ ನೀರಾದರೂ! ದಿನವಿಡೀ ಊರಿನ ನೀರು ಪರೀಕ್ಷೆ ಮಾಡಿ ಮಾಡಿ ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ. ಇಲ್ಲಿ ಎಲ್ಲರೂ ಅವರನ್ನು ‘ನೀರ್ ಡಾಕ್ಟ್ರು’ ಅನ್ನುತ್ತಾರೆ. ನಾನು ಮಿಸೆಸ್ ನೀರ್ ಡಾಕ್ಟ್ರು. ಹೇಗಿದೆ?

ಮನೆಯೂ ಮುದ್ದಾಗಿದೆ. ಆದರೆ ಎಲ್ಲಿದೆ ಗೊತ್ತಾ? ಹಳೇ ಕಲ್ಲುಗಣಿಯ ಒಳಗೆ! ಕಲ್ಲು ಮುಗಿಯುವ ತನಕ ಬಗೆದು ಬಿಟ್ಟ ಜಾಗದಲ್ಲಿ ನೀರಿನ ಘಟಕದವರಿಗೆಂದು ಮನೆ ಕಟ್ಟಿದ್ದಾರೆ. ಮೂರು ಕಡೆ ಬಂಡೆಯ ಗೋಡೆ, ಒಂದು ಕಡೆ ಸುತ್ತಿ ಸುತ್ತಿ ಇಳಿಯುವ ರಸ್ತೆ. ಬಿಸಿಲು ಒಂಬತ್ತೂವರೆಗೆ ಆಫೀಸಿಗೆ ಬಂದ ಹಾಗೆ ಬಂದು ನಾಲ್ಕಕ್ಕೆ ಹೊರಟುಬಿಡುತ್ತದೆ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟಿದ್ದೆ ಅಂತ ನನ್ನನ್ನು ಗುಂಡಿ, ಗುಂಡಿ ಎಂದು ಕರೆದೆಯಲ್ಲ, ಈಗ ನೋಡು, ಸಂಸಾರವೂ ಗುಂಡಿಯಲ್ಲೇ.

ಬಂಡೆಯ ನಡುವೆ ಫೋನಿಗೆ ಸಿಗ್ನಲ್ ಇಲ್ಲ. ಒಂದು ಗೆರೆಯೂ ಇಲ್ಲ. ಮೇಲಿನ ರಸ್ತೆಗೆ ಹತ್ತಿದರೆ ಮೆಸೇಜು ಹೋಗುತ್ತದೆ, ಮಾತಾಡಲೂಬಹುದು. ಪಕ್ಕದ ಮನೆಯ ಸೊಸೆ ದಿನಾ ಸಂಜೆ ಅಲ್ಲಿ ನಿಂತು ತನ್ನ ಅಮ್ಮನ ಹತ್ತಿರ ಹರಟೆ ಹೊಡೆದು, ಸ್ವಲ್ಪ ಅತ್ತು, ಹಗುರವಾಗಿ ಇಳಿದು ಬರುತ್ತಾಳೆ. ನಾನು ಹತ್ತಿ ಏನು ಮಾಡಲಿ? ನಿನಗೆ ಕಿವಿ ಕೇಳಿಸುವುದಿಲ್ಲ, ನಮ್ಮ ಮಾತೆಲ್ಲ ಕೈಯಲ್ಲಿ. ಕೈ ಕಾಣಬೇಕಾದರೆ ವಿಡಿಯೋ ಬೇಕು. ಮೇಲಿನ ರಸ್ತೆಯ ಸಿಗ್ನಲ್ಲಿಗೆ ವಿಡಿಯೋ ಅಂದರೆ ಜ್ವರ ಬರುತ್ತದೆ. ಮೆಸೇಜು ಕಳಿಸಿದರೆ ನೀನು ‘ಆಯ್ತು’ ಅಂತ ಒಂದೇ ಪದ ಒತ್ತುತ್ತೀಯ. ಅದಕ್ಕೇ ಈ ಪತ್ರ.

ಆದರೆ ಆಗಸ್ಟ್ ಹನ್ನೆರಡಕ್ಕೆ ಪತ್ರ ಸಾಲುವುದಿಲ್ಲ. ನಿನ್ನ ಬಲ ಮಣಿಕಟ್ಟಿನ ಗಂಟನ್ನು ದೊಡ್ಡ ಡಾಕ್ಟರ್ ನೋಡುವ ದಿನ. ನೀನು ಕತ್ತರಿ ಹಿಡಿಯುವುದು ಆ ಕೈಯಲ್ಲಿ, ಬಟ್ಟೆ ಹೊಲಿಯುವುದು ಆ ಕೈಯಲ್ಲಿ, ನನ್ನನ್ನು ಬಯ್ಯುವುದೂ ಆ ಕೈಯಲ್ಲಿ. ಡಾಕ್ಟರು ಏನಾದರೂ ಹೇಳಿ, ನಿನಗೆ ಅದು ಅರ್ಧಂಬರ್ಧ ತಿಳಿದು, ಎಲ್ಲಿಯೋ ಸಹಿ ಹಾಕಿಬಿಟ್ಟರೆ? ನಾನೇ ಬರುತ್ತೇನೆ ಅಂದರೆ, ‘ಮದುವೆಯಾಗಿ ಮೂರು ತಿಂಗಳಿಗೆ ಒಂದೂವರೆ ದಿನದ ದಾರಿ ಓಡಿಬಂದರೆ ಬಾಗಿಲು ತೆಗೆಯಲ್ಲ’ ಅಂದಿದ್ದೀಯ. ಸರಿ, ಸ್ಕ್ರೀನಿನಲ್ಲೇ ಬರುತ್ತೇನೆ. ನೀನು ಫೋನನ್ನು ಡಾಕ್ಟರ ಮೇಜಿನ ಮೇಲೆ ನಿಲ್ಲಿಸು. ಅವರು ಹೇಳಿದ್ದನ್ನು ನಾನು ಕೇಳಿ ನಿನಗೆ ಕೈಯಲ್ಲಿ ಹೇಳುತ್ತೇನೆ, ಯಾವಾಗಲೂ ಮಾಡುವ ಹಾಗೆ. ಅಷ್ಟರೊಳಗೆ ಈ ಗುಂಡಿಗೆ ಇಂಟರ್ನೆಟ್ ತರಿಸುವುದು ನನ್ನ ಶಪಥ.

ಇಲ್ಲಿ ಆಯ್ಕೆಗಳು ಜಾಸ್ತಿ ಇಲ್ಲ. ದೊಡ್ಡ ಕಂಪನಿಯೊಂದಿದೆ, ನಿನ್ನೆ ಅವರ ಅರ್ಜಿ ತುಂಬಿಸಿ ಬಂದೆ. ಒಬ್ಬ ಕೇಬಲ್ಲಿನವನಿದ್ದಾನಂತೆ. ಒಬ್ಬ ನಿವೃತ್ತ ಮೇಷ್ಟ್ರು ತಮ್ಮದೇ ಏನೋ ನಡೆಸುತ್ತಾರಂತೆ. ನೋಡೋಣ!

ನಿನ್ನ, ಸಂಸಾರಸ್ಥೆಯಾದ
ಗುಂಡಿ


ಜೂನ್ 18

ಗುಂಡಿ,

ಕೆಂಪು ಪೆನ್ಸಿಲ್ ಹಿಡಿಯಲಿಲ್ಲ. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹನ್ನೊಂದು.

ಕಂದು ಕಾಗದದಲ್ಲಿ ಬರೆಯುತ್ತಿದ್ದೇನೆಂದು ಬೇಸರಪಡಬೇಡ. ನಕ್ಷೆ ಕತ್ತರಿಸಿ ಉಳಿದ ತುಂಡು ಬೇಕಾದಷ್ಟಿದೆ. ಕಾಲರಿನ ಆಕಾರದ ಪತ್ರ ಯಾರಿಗೆ ತಾನೇ ಬರುತ್ತದೆ.

ಅಂಗಡಿ ನಡೆಯುತ್ತಿದೆ. ನೀನು ಹೋದ ಮೇಲೆ ಗಿರಾಕಿಗಳು ನನ್ನ ಹತ್ತಿರ ಬಾಯಿ ದೊಡ್ಡದು ಮಾಡಿ ಮಾತಾಡುತ್ತಾರೆ. ಹಲ್ಲೆಲ್ಲ ಕಾಣುತ್ತದೆ, ಮಾತು ಕಾಣುವುದಿಲ್ಲ. ನಾನು ತಲೆಯಾಡಿಸುತ್ತೇನೆ. ಅವರಿಗೆ ಸಮಾಧಾನ. ಆಮೇಲೆ ಟೇಪು ಹಿಡಿದು ಅಳತೆ ತೆಗೆಯುತ್ತೇನೆ. ಅಳತೆ ಸುಳ್ಳು ಹೇಳುವುದಿಲ್ಲವಲ್ಲ, ನನಗೂ ಸಮಾಧಾನ.

ಗಂಟು ಇದ್ದ ಹಾಗೇ ಇದೆ. ನೋವು ಹೇಳುವಂಥದ್ದೇನಲ್ಲ. ಇಂಟರ್ನೆಟ್ಟಿಗಾಗಿ ಅಳಿಯಂದಿರ ಹತ್ತಿರ ಪಟ್ಟು ಹಿಡಿಯಬೇಡ. ಅವರಿಗೆ ನೀರು ಲೋಟದಲ್ಲಿ ಕೊಡು, ಸ್ಟೀಲಿನದಲ್ಲ, ಗಾಜಿನದರಲ್ಲಿ. ನೋಡುವವರಿಗೆ ನೋಡಲು ಅನುಕೂಲ ಮಾಡಿಕೊಡಬೇಕು.

ಅಮ್ಮ


ಜೂನ್ 27

ನನ್ನ ಬಂಗಾರದ ಅಮ್ಮಾ,

ಗಾಜಿನ ಲೋಟ ತಂದೆ! ಅವರು ಎಷ್ಟು ಹಿಗ್ಗಿದರೆಂದರೆ ಎರಡು ಲೋಟ ನೀರು ಕುಡಿದರು. ‘ಅಮ್ಮನಿಗೆ ಥ್ಯಾಂಕ್ಸ್ ಬರಿ’ ಎಂದಿದ್ದಾರೆ.

ಈಗ ಇಂಟರ್ನೆಟ್ ಪುರಾಣ. ದೊಡ್ಡ ಕಂಪನಿಯವರಿಗೆ ನಾಲ್ಕು ಪುಟದ ಅರ್ಜಿ ಕೊಟ್ಟಿದ್ದೆನಲ್ಲ, ಹದಿನೈದು ದಿನ ಕಾಯಿಸಿ, ‘ಅಭಿನಂದನೆಗಳು, ನಿಮ್ಮ ಬೀದಿಯಲ್ಲಿ ನಮ್ಮ ಸೇವೆ ಇಲ್ಲ’ ಅಂತ ಕಳಿಸಿದ್ದಾರೆ. ಅಭಿನಂದನೆ ಯಾವುದಕ್ಕೆ ಅಂತ ನಾನು ಮೇಲಿನ ರಸ್ತೆಯಲ್ಲಿ ನಿಂತು ಫೋನ್ ಮಾಡಿ ಕೇಳಿದೆ. ಆ ಹುಡುಗಿ, ‘ಅದು ತಾನಾಗಿ ಬರುತ್ತೆ ಮೇಡಮ್’ ಅಂದಳು.

ಉಳಿದವರು ಇಬ್ಬರು. ಕೇಬಲ್ ಸಾಹೇಬ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು, ಬಾಗಿಲಲ್ಲೇ ಡೈಲಾಗ್ ಶುರು ಮಾಡಿದ.

‘ಮೇಡಮ್, ನಿಮಗೆ ನೂರು ಕೊಡ್ತೀನಿ.’

‘ನೂರು ಅಂದ್ರೆ?’

‘ನೂರು ಅಂದ್ರೆ ನೂರು. ಸ್ಪೀಡು. ಆ ಕೊನೇ ಮನೆಯವರಿಗೆ ಐವತ್ತೇ. ನೀವು ಹೊಸ ಜೋಡಿ ಅಂತ ನೂರು.’ ತನ್ನ ಫೋನಿನಲ್ಲಿ ಒಂದು ಸಿನಿಮಾ ಹಚ್ಚಿ ತೋರಿಸಿದ. ಅಮ್ಮಾ, ಬೆಣ್ಣೆ! ಒಂದು ಕಡೆಯೂ ತಡವರಿಸಲಿಲ್ಲ. ಒಂದು ವರ್ಷದ ಕರಾರು, ಮೂರು ವಾರದೊಳಗೆ ವೈರು ಎಳೆದುಕೊಡುತ್ತೇನೆ ಅಂದ.

ಕೊಡೆ ಮೇಷ್ಟ್ರು ಬಂದದ್ದು ಸಂಜೆ. ಅವರ ಆಂಟೆನಾ ತಿರುಗಿಸಿಟ್ಟ ಕೊಡೆಯ ಹಾಗಿರುವುದರಿಂದ ಆ ಹೆಸರು. ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಅವರದೊಂದು ದೊಡ್ಡ ಕೊಡೆ ಇದೆ, ನಮ್ಮ ತಾರಸಿಯ ಸಣ್ಣ ಕೊಡೆಗೆ ಅದು ಕಾಣಬೇಕು, ಕಂಡರೆ ಮಾತ್ರ ಇಂಟರ್ನೆಟ್. ಮೇಷ್ಟ್ರು ತಾರಸಿಯಲ್ಲಿ ದುರ್ಬೀನು ಹಿಡಿದು ಅರ್ಧ ಗಂಟೆ ನಿಂತರು. ‘ಬಂಡೆ ಅಡ್ಡ ಬರುತ್ತೆ. ಇಪ್ಪತ್ತಡಿ ಕಂಬ ಬೇಕು. ಕಂಬಕ್ಕೆ ಘಟಕದವರ ಒಪ್ಪಿಗೆ ಬೇಕು. ಒಪ್ಪಿಗೆಗೆ ಸೆಪ್ಟೆಂಬರ್ ಆಗುತ್ತೆ’ ಅಂದರು. ಆಮೇಲೆ ನನ್ನನ್ನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದ ಹಾಗೆ ಕೇಳಿದರು:

‘ನೀವು ನೋಡೋದು ಜಾಸ್ತಿನೋ, ತೋರಿಸೋದು ಜಾಸ್ತಿನೋ?’

‘ಮೇಷ್ಟ್ರೇ, ನಾನೇನು ಸಿನಿಮಾ ನಟಿನಾ?’ ಅಂದೆ. ಅವರು ನಗಲಿಲ್ಲ.

‘ನಂದು ಮೂವತ್ತು ಬರುತ್ತೆ, ಮೂವತ್ತು ಹೋಗುತ್ತೆ. ಅಷ್ಟೇ’ ಅಂತ ಚಪ್ಪಲಿ ಹಾಕಿಕೊಂಡರು.

ನೂರು ಎಲ್ಲಿ, ಮೂವತ್ತು ಎಲ್ಲಿ! ಜುಲೈ ಎಲ್ಲಿ, ಸೆಪ್ಟೆಂಬರ್ ಎಲ್ಲಿ! ಆದರೆ ನಿನ್ನ ಅಳಿಯನಿಗೆ ಮೇಷ್ಟ್ರೇ ಸರಿ. ‘ಪ್ರಶ್ನೆ ಕೇಳುವವರನ್ನು ನಂಬಬೇಕು. ಕೇಬಲ್ಲಿನವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ’ ಅಂದರು. ನಾನು, ‘ಆಗಸ್ಟ್ ಹನ್ನೆರಡು ನಿಮ್ಮ ಮೇಷ್ಟ್ರಿಗೋಸ್ಕರ ಕಾಯಲ್ಲ’ ಅಂದೆ. ಅವರು, ‘ಆತುರದಲ್ಲಿ ವರ್ಷದ ಕರಾರು ಬೇಡ’ ಅಂದರು. ನಾನು, ‘ನಿಮ್ಮ ಅಮ್ಮನಾಗಿದ್ದರೆ?’ ಅಂದುಬಿಟ್ಟೆ. ಅಮ್ಮಾ, ಅದೇ ನಮ್ಮ ಮೊದಲ ಜಗಳ! ಮೊದಲನೆಯದು! ಮರುದಿನ ಇಡೀ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವುದು, ಅವರು ಹೊರಗೆ ಪೇಪರು ಮಡಚುವುದು. ಕೊನೆಗೆ ಎರಡು ಕಪ್ ಚಹಾ ಮಾಡಿಕೊಂಡು ಬಂದು, ‘ಕೇಬಲ್ಲೇ ಹಾಕಿಸೋಣ’ ಅಂದರು.

ಗೆದ್ದೆ! ಸ್ವಲ್ಪ ಅಳುವೂ ಬಂತು. ಗೆದ್ದವರು ಯಾಕೆ ಅಳುತ್ತಾರೆ?

ವಿಜಯಿಯಾದ
ಗುಂಡಿ


ಜುಲೈ 6

ಗುಂಡಿ,

ಚಹಾ ಮಾಡಿಕೊಂಡು ಬಂದವರನ್ನು ಸೋಲಿಸಿದೆ ಎಂದು ಬರೆಯಬೇಡ. ನನ್ನ ಹೆಸರು ಹೇಳಿ ಆ ಮನೆಯಲ್ಲಿ ಎರಡನೇ ಜಗಳ ಆಗಬಾರದು. ಇಷ್ಟೇ ಹೇಳುವುದಿತ್ತು.

ತಪ್ಪುಗಳು ಏಳಕ್ಕೆ ಇಳಿದಿವೆ.

ಅಮ್ಮ


ಜುಲೈ 29

ಅಮ್ಮಾ ಅಮ್ಮಾ ಅಮ್ಮಾ,

ದಿನಾ ಮುಖ ನೋಡಿಕೊಂಡು ಪತ್ರ ಯಾಕೆ ಅಂತೀಯಾ? ಅವರ ಅಂಗಿಯ ತೋಳು ಬಾಗಿಲ ಚಿಲಕಕ್ಕೆ ಸಿಕ್ಕಿ ಹರಿದಿದೆ, ಅದನ್ನು ಕಳಿಸುತ್ತಿದ್ದೇನೆ. ಬರೀ ಅಂಗಿ ಕಳಿಸಲು ಮನಸ್ಸು ಬರಲಿಲ್ಲ.

ಕೇಬಲ್ ಬಂದು ಇವತ್ತಿಗೆ ಒಂಬತ್ತು ದಿನ. ಸೀರಿಯಸ್ಸಾಗಿ ಹೇಳುತ್ತೇನೆ, ನೀನು ಅಷ್ಟು ಸ್ಪಷ್ಟವಾಗಿ ಕಾಣುತ್ತೀ, ಬೆರಳಿನ ತುದಿಗೆ ಅಂಟಿದ ನೂಲೂ ಕಾಣುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ನನ್ನ ಮುಖ, ನನ್ನ ಕೈ, ಅದೂ ಫಸ್ಟ್ ಕ್ಲಾಸ್. ನಿನ್ನ ಅಳಿಯನಿಗೆ, ‘ನೋಡಿದ್ರಾ ನೂರು ಅಂದ್ರೆ ಏನು ಅಂತ?’ ಅಂತ ದಿನಕ್ಕೊಂದು ಸಲ ಚುಚ್ಚುತ್ತೇನೆ. ಪಾಪ, ನಗುತ್ತಾರೆ.

ಒಂದು ವಿಷಯ ಹೇಳಲಾ? ನೀನು ಇಷ್ಟು ಮಾತಾಡುವುದನ್ನು ನಾನು ನನ್ನ ಜನ್ಮದಲ್ಲೇ ನೋಡಿರಲಿಲ್ಲ! ಹಿಂದೆ ನಾನು ಹತ್ತು ಹೇಳಿದರೆ ನೀನು ಒಂದು. ಈಗ ಫೋನ್ ಹಚ್ಚಿದ ಕೂಡಲೇ ನಿನ್ನದೇ ಶುರು. ಅಂಗಡಿಯ ಬೆಕ್ಕು, ಎದುರಿನ ಕನ್ನಡಕದ ಅಂಗಡಿಯವಳ ಹೊಸ ಬೋರ್ಡು, ಗಿರಾಕಿಗೆ ಹೊಲಿದ ಪ್ಯಾಂಟು ಗಿಡ್ಡವಾದದ್ದು. ನಾನು ಹೇಳುವಾಗಲೂ ಎಷ್ಟು ಚೆನ್ನಾಗಿ ತಲೆಯಾಡಿಸಿ ಕೇಳುತ್ತೀ, ಹಿಂದಿನ ಹಾಗೆ ಮಧ್ಯೆ ಮಧ್ಯೆ ಕೈ ಅಡ್ಡ ಹಾಕಿ ವಾದ ಮಾಡುವುದೂ ಇಲ್ಲ. ನಾನು ದೂರ ಬಂದದ್ದರಿಂದ ನಿನಗೆ ಮಾತು ಬಂತು, ನೋಡು!

ಹನ್ನೆರಡರ ಪ್ಲಾನು ನಿನ್ನೆ ವಿವರವಾಗಿ ಹೇಳಿದ್ದೇನಲ್ಲ. ಹತ್ತೂವರೆಗೆ ನಾನು ಸ್ಕ್ರೀನಿನ ಮುಂದೆ ಹಾಜರ್. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟಿದ್ದೇನೆ. ಭಯಪಡಬೇಡ. ನಿನ್ನ ಕಿವಿ ನಾನಿದ್ದೇನೆ.

ಮುತ್ತುಗಳೊಂದಿಗೆ,
ಗುಂಡಿ


ಆಗಸ್ಟ್ 12, ಮಧ್ಯಾಹ್ನ

ಅಮ್ಮ,

ಹತ್ತು ಗಂಟೆಯಿಂದ ಸ್ಕ್ರೀನಿನ ಮುಂದೆ ಕೂತಿದ್ದೇನೆ. ಈಗ ಒಂದು ಗಂಟೆ. ನಿನ್ನ ಫೋನು ಆಫ್ ಆಗಿದೆ. ಇಪ್ಪತ್ತೆರಡು ಸಲ ಮಾಡಿದೆ. ಪೆನ್ನು ಹಿಡಿದದ್ದು ಕೈ ಸುಮ್ಮನೆ ಕೂರುತ್ತಿಲ್ಲ ಅಂತ, ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ಬಸ್ಸು ತಪ್ಪಿತಾ? ಬಿದ್ದೆಯಾ? ಒಳಗೆ ಕರೆದು ಕೈಗೆ ಏನಾದರೂ ಮಾಡಿಬಿಟ್ಟರಾ? ಫೋನು ಆಫ್ ಮಾಡು ಅಂತ ಯಾರೋ ಹೇಳಿ, ನೀನು ಆಫ್ ಮಾಡಿದೆಯಾ? ನಾನಿಲ್ಲದೆ ನಿನಗೆ ಅವರು ಹೇಳುವುದು ಹೇಗೆ ತಿಳಿಯುತ್ತದೆ? ನಿನ್ನ ಅಳಿಯ ಕೆಲಸ ಬಿಟ್ಟು ಬಂದಿದ್ದರು, ಆಸ್ಪತ್ರೆಗೆ ಫೋನ್ ಮಾಡಲು ಮೇಲಿನ ರಸ್ತೆಗೆ ಓಡಿದ್ದಾರೆ.

ಬಂದರು. ಅವರು ರಸ್ತೆ ಮುಟ್ಟುವಷ್ಟರಲ್ಲಿ ಅವರ ಫೋನಿಗೆ ನಿನ್ನ ಮೆಸೇಜು. ‘ಎಲ್ಲ ಒಳ್ಳೆಯದಾಗಿದೆ. ಗಾಬರಿ ಬೇಡ ಎಂದು ಅವಳಿಗೆ ಹೇಳಿ. ವಿವರ ಪತ್ರದಲ್ಲಿ.’ ಓದಿ ಹೇಳುವಾಗ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಒಳ್ಳೆಯದಾಗಿದ್ದರೆ ನನ್ನನ್ನು ಯಾಕೆ ಹೊರಗಿಟ್ಟೆ?

ಗುಂಡಿ


ಆಗಸ್ಟ್ 13

ಗುಂಡಿ,

ಮೊದಲು ವಿಷಯ. ಗಂಟು ಕೆಟ್ಟದ್ದಲ್ಲ. ಕೀಲಿನ ಪಕ್ಕದಲ್ಲಿ ನೀರಿನಂಥದ್ದು ತುಂಬಿಕೊಂಡ ಸಣ್ಣ ಚೀಲ. ಸ್ಕ್ಯಾನ್ ಮಾಡಿ ನೋಡಿದರು. ಕೊಯ್ಯುವುದು ಬೇಡ. ದಪ್ಪ ಬಟ್ಟೆ ಕತ್ತರಿಸುವಾಗ ಪಟ್ಟಿ ಕಟ್ಟಿಕೊಳ್ಳಬೇಕು, ಆರು ತಿಂಗಳ ನಂತರ ಒಮ್ಮೆ ತೋರಿಸಬೇಕು. ಕೈ ಎಲ್ಲಿಗೂ ಹೋಗುವುದಿಲ್ಲ. ಈ ಸಾಲುಗಳನ್ನು ಇನ್ನೊಮ್ಮೆ ಓದಿ, ನೀರು ಕುಡಿದು, ಆಮೇಲೆ ಮುಂದಕ್ಕೆ ಬಾ.

ನಾನು ನಿನಗೆ ಇಪ್ಪತ್ತಮೂರು ದಿನ ಸುಳ್ಳು ಹೇಳಿದ್ದೇನೆ. ಕೈಯಲ್ಲಿ ಅಲ್ಲ, ತಲೆಯಲ್ಲಿ.

ಆ ಕೇಬಲ್ಲಿನಲ್ಲಿ ನಾನು ನಿನಗೆ ಕಾಣುತ್ತಿದ್ದೆ, ನೀನು ನನಗೆ ಕಾಣುತ್ತಿರಲಿಲ್ಲ. ಅಂದರೆ ಮುಖ ಕಾಣುತ್ತಿತ್ತು. ಆಲ್ಬಂ ತಿರುವಿದ ಹಾಗೆ, ಒಂದು ಚಿತ್ರ, ಸ್ವಲ್ಪ ಹೊತ್ತಿಗೆ ಇನ್ನೊಂದು ಚಿತ್ರ. ಒಂದರಲ್ಲಿ ಕೈ ಮೇಲಿದೆ, ಇನ್ನೊಂದರಲ್ಲಿ ಕೈ ಮಡಿಲಲ್ಲಿದೆ. ನಮ್ಮ ಮಾತು ಇರುವುದು ಆ ಎರಡರ ನಡುವೆ. ಅದು ಒಂದು ದಿನವೂ ಬರಲಿಲ್ಲ. ನೀನು ಹೇಳಿದ ಹತ್ತೂವರೆಯ ಪ್ಲಾನು ನನಗೆ ಗೊತ್ತಾದದ್ದು ಅಳಿಯಂದಿರ ಅಂಗಿಯ ಜೊತೆ ಬಂದ ಪತ್ರದಿಂದ.

ಮೊದಲ ದಿನವೇ ಹೇಳಬಹುದಿತ್ತು. ಆದರೆ ಎಲ್ಲ ಚಿತ್ರದಲ್ಲೂ ನೀನು ನಗುತ್ತಿದ್ದೆ. ನನಗೋಸ್ಕರ, ಆ ಒಂದು ತಾರೀಖಿಗೋಸ್ಕರ, ಗಂಡನ ಮಾತು ತಳ್ಳಿ, ವರ್ಷದ ಕರಾರು ಮಾಡಿಕೊಂಡ ಹುಡುಗಿಗೆ, ‘ನೀನು ಆರಿಸಿದ್ದು ತಪ್ಪು’ ಎಂದು ಹೇಗೆ ಹೇಳಲಿ? ನಾಳೆ ಹೇಳೋಣ ಅಂದುಕೊಂಡೆ. ನಾಳೆ ನಾಳೆ ಎಂದು ದಿನ ಹೋಯಿತು. ನೀನು ಮಾತಾಡಿದಾಗ ತಿಳಿಯುವುದಿಲ್ಲವಲ್ಲ, ಅದಕ್ಕೆ ನಾನೇ ಮಾತಾಡುತ್ತಿದ್ದೆ. ಬೆಕ್ಕಿನ ಕಥೆಯನ್ನು ಮೂರು ಸಲ ಹೇಳಿದ್ದೇನೆ, ನೀನು ಮೂರು ಸಲವೂ ನಕ್ಕೆ.

ಕೇಳುವವರ ಮುಂದೆ ನಾನು ಬದುಕಿಡೀ ತಲೆಯಾಡಿಸಿದ್ದೇನೆ. ನಿನ್ನ ಮುಂದೆ ಆಡಿಸಿದ್ದು ಇದೇ ಮೊದಲು. ಚೆನ್ನಾಗಿರಲಿಲ್ಲ.

ಆಸ್ಪತ್ರೆಗೆ ಫೋನು ಆಫ್ ಮಾಡಿಕೊಂಡು ಹೋದೆ. ಮೇಜಿನ ಮೇಲಿಟ್ಟಿದ್ದರೆ ಡಾಕ್ಟರ ಎದುರಿಗೇ ಎಲ್ಲ ಬಯಲಾಗುತ್ತಿತ್ತು, ನೀನು ಅಲ್ಲೇ ಕುಸಿಯುತ್ತಿದ್ದೆ. ಇನ್ನೂ ಒಂದು ಕಾರಣವಿದೆ. ನಿನ್ನ ಅಪ್ಪ ಉಳಿಯುವುದಿಲ್ಲವೆಂದು ಡಾಕ್ಟರು ನನಗೆ ಹೇಳಿದ್ದು ಹನ್ನೊಂದು ವರ್ಷದ ನಿನ್ನ ಕೈಯಿಂದ. ಆಗ ಬೇರೆ ದಾರಿ ಇರಲಿಲ್ಲ. ಈ ಸಲವೂ ಕೆಟ್ಟದ್ದೇ ಆಗಿದ್ದರೆ ಅದನ್ನೂ ನಿನ್ನ ಕೈಯಿಂದಲೇ ಹೇಳಿಸುವುದೇ? ಈ ಸಲ ಬೇರೆ ದಾರಿ ಇತ್ತು. ನಾನು ಬರೆದು ಕೇಳಬಹುದು.

ಅಳತೆ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಗಂಟು ಕಂಡ ದಿನದಿಂದ ಬೆಳಿಗ್ಗೆ ಒಂದು, ಅಂಗಡಿ ಮುಚ್ಚುವಾಗ ಒಂದು, ಟೇಪು ಹಿಡಿದು ಬರೆದಿಟ್ಟಿದ್ದೇನೆ, ಯಾರೋ ಗಿರಾಕಿಯ ತೋಳಿನ ಹಾಗೆ. ಕೋಟಿನ ಬಟ್ಟೆ ಕತ್ತರಿಸಿದ ದಿನ ಉಬ್ಬುತ್ತದೆ, ರಜೆಯ ದಿನ ಇಳಿಯುತ್ತದೆ. ಕಂದು ಕಾಗದದಲ್ಲಿ ಕೈಯ ನಕ್ಷೆಯನ್ನೂ ಬರೆದಿದ್ದೆ. ಡಾಕ್ಟರು ನಿನಗಿಂತ ಸ್ವಲ್ಪ ದೊಡ್ಡವಳು. ಪುಟ ತಿರುವಿದಳು, ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡಳು. ಅದೇ ಪುಸ್ತಕದಲ್ಲಿ ಪೆನ್ಸಿಲಿನಿಂದ, ‘ನನ್ನ ರೋಗಿಗಳಲ್ಲಿ ಇಷ್ಟು ಚೆನ್ನಾಗಿ ಹೇಳಿದವರು ಯಾರೂ ಇಲ್ಲ’ ಎಂದು ಬರೆದಳು. ಮುಕ್ಕಾಲು ಗಂಟೆ ಬರೆದು ಬರೆದು ಮಾತಾಡಿದೆವು. ತಿಳಿಯದ ಕಡೆ ನಾನು ತಲೆಯಾಡಿಸಲಿಲ್ಲ. ಪ್ರಶ್ನೆಯ ಚಿಹ್ನೆ ಹಾಕಿದೆ. ಅವಳ ಬಿಳಿ ಕೋಟಿನ ತೋಳು ಒಂದೂವರೆ ಅಂಗುಲ ಉದ್ದ, ಅದನ್ನೂ ಬರೆದೆ. ಮುಂದಿನ ವಾರ ಕೋಟು ಅಂಗಡಿಗೆ ಬರುತ್ತದೆ.

ನಿನ್ನನ್ನು ಮೂರು ಗಂಟೆ ಕಾಯಿಸಿದ್ದಕ್ಕೆ ನನ್ನನ್ನು ಬಯ್ಯಿ. ಪೂರ್ತಿ ಬಯ್ಯಿ. ಆದರೆ ಕೈ ಉಳಿಯಿತು, ಗುಂಡಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನಷ್ಟಕ್ಕೆ ನಾನೇ ಎರಡೂ ಕೈಯಲ್ಲಿ ಮಾತಾಡಿಕೊಂಡು ಬಂದೆ. ಪಕ್ಕದವನು ಎದ್ದು ಬೇರೆ ಸೀಟಿಗೆ ಹೋದ.

ಅಮ್ಮ


ಆಗಸ್ಟ್ 21

ಅಮ್ಮ,

ನಿನ್ನ ಪತ್ರ ಓದಿ ಮೊದಲು ಕುಣಿದೆ. ಆಮೇಲೆ ಉರಿದುಹೋದೆ. ಆಮೇಲೆ ಮತ್ತೆ ಕುಣಿದೆ. ಸಿಟ್ಟು ಮತ್ತು ಖುಷಿ ಒಟ್ಟಿಗೆ ಬಂದರೆ ಮನುಷ್ಯರಿಗೆ ಹಸಿವಾಗುತ್ತದೆ ಅಂತ ಗೊತ್ತಾಯಿತು, ನಾಲ್ಕು ಮೊಟ್ಟೆ ತಿಂದೆ.

ಇಪ್ಪತ್ತಮೂರು ದಿನ! ನಾನು ಹೇಳಿದ್ದೆಲ್ಲ ಎಲ್ಲಿಗೆ ಹೋಯಿತು? ನಾದಿನಿಯ ಬಗ್ಗೆ ಒಂದು ಗಂಟೆ ಚಾಡಿ ಹೇಳಿದ್ದೆ, ಅಷ್ಟೂ ಬಂಡೆಗೆ! ಇಲ್ಲಿನ ಪುಟ್ಟ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದ್ದನ್ನು ಹೇಳಿದಾಗ ನೀನು ತಲೆಯಾಡಿಸಿ ಬೆಕ್ಕಿನ ಕಥೆ ಶುರು ಮಾಡಿದೆ. ಅಮ್ಮನಿಗೆ ಇಷ್ಟವಿಲ್ಲ ಅಂದುಕೊಂಡು ಎರಡು ದಿನ ಸಪ್ಪಗಿದ್ದೆ. ಹೌದು, ಕೆಲಸ ಸಿಕ್ಕಿದೆ! ಒಂದನೇ ಕ್ಲಾಸಿಗೆ! ಈಗಲಾದರೂ ಖುಷಿಪಡು!

ನನಗೆ ಮೋಸ ಮಾಡಿದ್ದು ಮೂಲೆಯ ಆ ಪುಟ್ಟ ಚೌಕ. ಅದರಲ್ಲಿ ನನ್ನ ಕೈ ಚೆನ್ನಾಗಿ ಕಾಣುತ್ತಿತ್ತಲ್ಲ, ನಿನಗೂ ಹಾಗೇ ಕಾಣುತ್ತಿದೆ ಅಂದುಕೊಂಡೆ. ಅದು ಬರೀ ನನ್ನ ಫೋನು ನನಗೇ ಹಿಡಿದ ಕನ್ನಡಿಯಂತೆ. ನಿನ್ನ ಅಳಿಯ ಸ್ಪೀಡು ಅಳೆದು ತೋರಿಸಿದರು. ಇಲ್ಲಿಗೆ ಬರುವುದು ತೊಂಬತ್ತೆಂಟು. ಇಲ್ಲಿಂದ ನಿನ್ನ ಕಡೆಗೆ ಹೋಗುವುದು, ಕೇಳು, ಅರ್ಧ. ಒಂದೂ ಅಲ್ಲ, ಅರ್ಧ! ‘ನಾನು ಆವತ್ತೇ ಹೇಳಿದ್ದೆ’ ಅನ್ನುತ್ತಾರೆ ಅಂತ ಕಾದೆ. ‘ಅಳೆಯೋದೇ ನನ್ನ ಕೆಲಸ. ನಾನೂ ಬರೋ ಸಂಖ್ಯೆ ಮಾತ್ರ ನೋಡಿದೆ’ ಅಂದು ತಲೆ ತಗ್ಗಿಸಿದರು. ಅವರ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಈ ಸಲ ಚಹಾ ನಾನು ಮಾಡಿದೆ.

ಕೇಬಲ್ ಸಾಹೇಬನ ಮೇಲೆ ಯುದ್ಧಕ್ಕೆ ಹೋದೆ. ಅವನು, ‘ಮೇಡಮ್, ಎಲ್ಲರೂ ನೋಡೋಕೆ ಹಾಕಿಸ್ಕೋತಾರೆ. ಕೈ ತೋರಿಸೋಕೆ ಯಾರು ಹಾಕಿಸ್ಕೋತಾರೆ?’ ಅಂದ. ನಾನು ಮಾತು ನಿಲ್ಲಿಸಿ, ನಿನ್ನ ಹತ್ತಿರ ಮಾತಾಡುವ ಹಾಗೆ ಅವನನ್ನು ಕೈಯಲ್ಲೇ ಬಯ್ದೆ, ಒಂದು ನಿಮಿಷ, ಪೂರ್ತಿ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ‘ಇದು ಹೋಗಬೇಕಾ ಅಮ್ಮನಿಗೆ?’ ಅಂದ. ‘ಹೂಂ’ ಅಂದೆ. ಅವನು ಚೀಲದಿಂದ ಕರಾರಿನ ಕಾಗದ ತೆಗೆದು ನನ್ನ ಕೈಗೇ ಕೊಟ್ಟ. ‘ಹರಿದುಹಾಕಿ. ಇದಕ್ಕೆ ನನ್ನ ವೈರು ಆಗಲ್ಲ. ಮೇಷ್ಟ್ರ ಹತ್ರ ಹೋಗಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ.’

ಮೇಷ್ಟ್ರಿಗೆ ಹೇಳಿಯೇ ಹೇಳಿದೆ. ಅವರು ಮೊದಲ ಸಲ ನಕ್ಕರು. ಕಂಬಕ್ಕೆ ಅರ್ಜಿ ಹೋಗಿದೆ.

ಅಳತೆ ಪುಸ್ತಕದ ಭಾಗವನ್ನು ಎಷ್ಟು ಸಲ ಓದಿದೆನೋ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ನಿಜ. ನಾನಿಲ್ಲದೆ ನಿನ್ನಿಂದ ಏನೂ ಆಗುವುದಿಲ್ಲ ಅಂತ ನಂಬಿಕೊಂಡು ಮದುವೆಯ ದಿನವೂ ಅರ್ಧ ಮನಸ್ಸಿನಲ್ಲಿದ್ದೆ. ಆ ಭಾರ ಇಳಿದದ್ದೇ, ಭುಜ ಖಾಲಿ ಖಾಲಿ ಅನ್ನಿಸುತ್ತಿದೆ.

ಅಪ್ಪನ ಬಗ್ಗೆ ನೀನು ಬರೆದದ್ದಕ್ಕೆ ಉತ್ತರ ನನಗೆ ಬರೆಯಲು ಬರುವುದಿಲ್ಲ. ಕೈಯಲ್ಲಿ ಹೇಳುತ್ತೇನೆ. ಕಂಬ ನಿಲ್ಲಲಿ.

ಮೊಟ್ಟೆ ತಿಂದ
ಗುಂಡಿ


ಸೆಪ್ಟೆಂಬರ್ 26

ಗುಂಡಿ,

ನಿನ್ನೆ ಸಂಜೆ ನೀನು ಕೈ ಎತ್ತಿದೆ, ಇಳಿಸಿದೆ. ನಡುವಿನದೆಲ್ಲ ಬಂತು. ಒಂದು ಬೆರಳೂ ಬಿಟ್ಟುಹೋಗಲಿಲ್ಲ. ಹಿಂದೆ ಅಳಿಯಂದಿರು ಕಂಬದ ಕೆಳಗಿನಿಂದ ಬಂದ ವೇಷದಲ್ಲೇ, ಮೊಣಕಾಲಿಗೆಲ್ಲ ಸಿಮೆಂಟು ಮೆತ್ತಿಕೊಂಡು ನಿಂತಿದ್ದು ಕಂಡಿತು. ಆ ಪ್ಯಾಂಟನ್ನು ನೆನೆಹಾಕು.

ಅಪ್ಪನ ವಿಷಯ ನೀನು ಹೇಳಿದ್ದು ಪೂರ್ತಿ ಬಂತು. ನಾನು ಅಲ್ಲೇ ಉತ್ತರ ಹೇಳಿದೆನಲ್ಲ. ಅದಕ್ಕೆ ಮತ್ತೇನೂ ಸೇರಿಸುವುದಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶಾಲೆಯ ಕೆಲಸದ ಬಗ್ಗೆ ನಿನ್ನ ಹತ್ತಿರ ಅರ್ಧ ಗಂಟೆ ವಾದ ಮಾಡಿದೆ. ತಪ್ಪು ತಿಳಿಯಬೇಡ. ಒಂದನೇ ಕ್ಲಾಸಿನ ಮಕ್ಕಳಿಗೆ ನೀನು ಒತ್ತಕ್ಷರ ಕಲಿಸುವುದು ಆ ಮಕ್ಕಳ ಭವಿಷ್ಯದ ಪ್ರಶ್ನೆ.

ಬರೆದು ಹೇಳಬೇಕಾದ್ದು ಒಂದೇ. ಕೈಯಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀ. ಫೆಬ್ರವರಿಗೆ ಆಸ್ಪತ್ರೆಯಲ್ಲಿ ಮತ್ತೆ ತೋರಿಸಬೇಕು. ಅದಕ್ಕೆ ನೀನು ಬರಬೇಡ, ಸ್ಕ್ರೀನಿನಲ್ಲೂ ಬರಬೇಡ. ನಾನೂ ಆ ಡಾಕ್ಟರಮ್ಮನೂ ನೋಡಿಕೊಳ್ಳುತ್ತೇವೆ. ನೀನು ಡಿಸೆಂಬರಿನಲ್ಲಿ ಬಾ. ಬ್ಯಾಂಕಿಗೆ ಹೋಗುವುದಿಲ್ಲ, ಕಚೇರಿಗೆ ಹೋಗುವುದಿಲ್ಲ, ಯಾರ ಹತ್ತಿರವೂ ನನ್ನ ಪರವಾಗಿ ಮಾತಾಡುವುದಿಲ್ಲ. ಎಂಟನೇ ವಯಸ್ಸಿನಿಂದ ನಿನಗೆ ಈ ಮನೆಯಲ್ಲಿ ಕೆಲಸ ಇದ್ದೇ ಇತ್ತು. ಒಂದು ಸಲ ಕೆಲಸವಿಲ್ಲದೆ ಬಾ. ಬಾಗಿಲು ತೆಗೆಯುತ್ತೇನೆ.

ಅಮ್ಮ


ಅಕ್ಟೋಬರ್ 3

ಅಮ್ಮಾ,

ಡಿಸೆಂಬರ್ ಹದಿನೆಂಟರ ಬಸ್ಸು, ಎರಡು ಸೀಟು. ನಿನ್ನ ಪತ್ರ ಓದಿ ಬಹಳ ಹೊತ್ತು ಏನೂ ಮಾಡಲಿಲ್ಲ, ಪಾಠದ ತಯಾರಿಯನ್ನೂ ಮಾಡಲಿಲ್ಲ, ಸುಮ್ಮನೆ ಕಿಟಕಿಯ ಹತ್ತಿರ ಕೂತಿದ್ದೆ. ಅವರು, ‘ಏನು ತೆಗೆದುಕೊಂಡು ಹೋಗೋಣ ಅಮ್ಮನಿಗೆ?’ ಅಂತ ಕೇಳಿದರು.

ಏನೂ ಬೇಡ ಅಂದೆ. ಕೈ ಬೀಸಿಕೊಂಡು ಬರುತ್ತೇವೆ.

ನಿನ್ನ
ಗುಂಡಿ